ಹುತ್ತದ ಅಣಬೆಗೆ ಬನಿಯನ್ ಇಲ್ಲ

ಕೊಕ್ಕು ದೊಡ್ಡದಿದ್ದವರಿಗೇ ಈ ಕಾಲದಲ್ಲಿ ಮರ್ಯಾದೆ ಎಂಬುದು ನನ್ನ ದೂರು. ಆನೈಮಲೈ ತಪ್ಪಲಿನ ನಮ್ಮ ಬಡಾವಣೆಯಲ್ಲಿ ಮಂಗಟ್ಟೆ ಹಕ್ಕಿಯನ್ನು ಉಳಿಸಲು ಸಂಘವಿದೆ, ಭಾಷಣವಿದೆ, ತಿರುಪ್ಪೂರಿನಿಂದ ತರಿಸಿದ ಮಂಗಟ್ಟೆ ಚಿತ್ರದ ಬನಿಯನ್ ಇದೆ. ನಾನೂ ಅದಕ್ಕೆ ಇಸ್ತ್ರಿ ಹಾಕಿಸಿ ತೊಟ್ಟು ಬೆಳಗಿನ ನಡಿಗೆಗೆ ಹೋಗುತ್ತೇನೆ. ಹಕ್ಕಿಯ ಮೇಲೆ ನನಗೆ ಹಗೆಯಿಲ್ಲ. ಆದರೆ ಗೂಡಿಗೆ ಹಳೆಯ ಮರದ ಪೊಟರೆಯೇ ಬೇಕೆನ್ನುವ ಹಕ್ಕಿಗಾಗಿ ಇಷ್ಟು ಕಣ್ಣೀರು ಸುರಿಸುವವರು, ಗೆದ್ದಲುಗಳೇ ಸಾಕಿದರೆ ಮಾತ್ರ ಏಳುವ ಹುತ್ತದ ಅಣಬೆಗೆ ಒಂದು ಹನಿಯನ್ನಾದರೂ ಸುರಿಸಬಾರದೆ? ಸೈಟು ಮಾಡುವವರು ಹುತ್ತಗಳನ್ನೆಲ್ಲ ನೆಲಸಮ ಮಾಡಿದ್ದರಿಂದ ಆ ಅಣಬೆ ಈಗ ನಮ್ಮ ಕಣ್ಣಿಗೆ ಮಂಗಟ್ಟೆಗಿಂತ ಅಪರೂಪವಾಗಿದೆ.

ಉಳಿದಿದ್ದ ಒಂದೇ ಹುತ್ತ ಪಾರ್ಕಿನ ಮೂಲೆಯಲ್ಲಿತ್ತು. ಅದನ್ನು ಕೆಡವಿ ಅಲ್ಲಿ ಸಿಮೆಂಟಿನ ಮಂಗಟ್ಟೆಯನ್ನು ನಿಲ್ಲಿಸುವುದೆಂದು ಸಂಘ ತೀರ್ಮಾನಿಸಿತು! ನಾನು ಎದ್ದು ನಿಂತು ಪ್ರತಿಭಟಿಸಿದೆ. ಕಾರ್ಯದರ್ಶಿ ನನ್ನ ಹೆಂಡತಿಯ ಅಣ್ಣನ ಮಗ.

"ಕಾಳಾನ್ ಬೇಕಂದ್ರೆ ಅಂಗಡೀಲಿ ಪಾಕೆಟ್ ಸಿಕ್ಕುತ್ತಲ್ಲ, ಮಾಮಾ!" ಎಂದ. ಇಲ್ಲಿ ಅಣಬೆಗೆ ಹಾಗೆನ್ನುತ್ತಾರೆ.

"ಕೋಳಿಯೂ ಸಿಕ್ಕುತ್ತೆ. ಮತ್ತೆ ಮಂಗಟ್ಟೆ ಯಾಕಪ್ಪಾ?" ಎಂದೆ. ಎಲ್ಲರೂ ನಕ್ಕರು. ತೀರ್ಮಾನ ಬದಲಾಗಲಿಲ್ಲ.

ಮಾರನೆಯ ದಿನ ಜೆಸಿಬಿ ಬರುವುದಿತ್ತು. ಅರಿಶಿನ ಕುಂಕುಮ ಬಿದ್ದ ಹುತ್ತವನ್ನು ನಮ್ಮ ಕಡೆ ಯಾವ ಡ್ರೈವರೂ ಮುಟ್ಟುವುದಿಲ್ಲ. ಮೂಢನಂಬಿಕೆಯನ್ನು ಜೀವನವಿಡೀ ಬೈದ ನಾನು, ಹೆಂಡತಿಯ ಅರಿಶಿನದ ಡಬ್ಬಿ ಒಯ್ದು ಹುತ್ತಕ್ಕೆ ಅಚ್ಚುಕಟ್ಟಾಗಿ ಬಳಿದೆ. ಕುಂಕುಮವನ್ನೂ ನೇರ ಸಾಲಿನಲ್ಲಿಟ್ಟೆ. ಡ್ರೈವರ್ ಬಂದವನೇ ಚಪ್ಪಲಿ ಬಿಟ್ಟು ಕೈಮುಗಿದು, ಯಂತ್ರವನ್ನು ಹಿಂದಕ್ಕೆ ತಿರುಗಿಸಿದ. ಗೆದ್ದೆ ಎಂದುಕೊಂಡೆ.

ಶುಕ್ರವಾರ ಬಂತು. ಹೆಂಗಸರು ಹುತ್ತದಲ್ಲಿ ಅಮ್ಮ ದೇವರು ನೆಲೆಸಿದ್ದಾಳೆಂದು ಹಾಲೆರೆದರು, ಮೊಟ್ಟೆ ಇಟ್ಟರು. ವಾರ ವಾರಕ್ಕೂ ಜನ ಹೆಚ್ಚಿದರು. ಕೆಸರಾಗುತ್ತದೆಂದು ಸಂಘದವರು ಹುತ್ತದ ಸುತ್ತ ಟೈಲ್ಸ್ ಹಾಕಿಸಿದರು. ಗುಡುಗಿನ ಮಳೆ ಬಂದು ಹೋಯಿತು. ಅಣಬೆ ಏಳಲು ನೆಲವೇ ಇಲ್ಲ! ಟೈಲ್ಸ್ ಕೀಳಿಸು ಎಂದರೆ ಕಾರ್ಯದರ್ಶಿ, "ಐಯೋ ಮಾಮಾ, ಅಮ್ಮನ ಜಾಗ. ಕೈ ಇಡಕ್ಕಾಗುತ್ತಾ?" ಎಂದ.

ಮನೆಗೆ ಬಂದು ಹೆಂಡತಿಯ ಮುಂದೆ ಕೂಗಾಡಿದೆ: "ಯಾವ ಅಮ್ಮ? ಬಳಿದವನು ನಾನು!"

"ನಿಮ್ಮ ಕೈಲಿ ಅವಳೇ ಬಳಿಸವ್ಳೆ. ಸುಮ್ನಿರಿ," ಎಂದು ಅವಳು ಹಾಲಿನ ಚೊಂಬು ಹಿಡಿದು ಹೊರಟಳು.

ಈಗ ಶುಕ್ರವಾರಗಳಲ್ಲಿ ಅಲ್ಲಿ ವಿಪರೀತ ನೂಕುನುಗ್ಗಲು. ಶಿಸ್ತಿಲ್ಲದ್ದನ್ನು ನೋಡಿಕೊಂಡು ನಿಲ್ಲುವುದು ನನ್ನಿಂದಾಗದು. ಹಾಲಿನವರು ಎಡಕ್ಕೆ, ಮೊಟ್ಟೆಯವರು ಬಲಕ್ಕೆ ಎಂದು ವಿಂಗಡಿಸುವವನು ನಾನೇ. ಮೊನ್ನೆ ಒಬ್ಬಾಕೆ, "ಪೂಜಾರಿ ಐಯಾ, ಸಾಲು ಎಲ್ಲಿಂದ?" ಎಂದು ಕೇಳಿದಳು. ಸಿಟ್ಟು ನೆತ್ತಿಗೇರಿತು. ಸಾಲಿನ ತುದಿಯನ್ನು ತೋರಿಸಿದೆ.