ಒಂದೂ ತಪ್ಪಿಲ್ಲದ ಪ್ರೋಗ್ರಾಮು

ಬೇರೆಯವರ ತಪ್ಪು ಹುಡುಕುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇದೆ. ಮದುವೆ ಮನೆಗೆ ಹೋದರೆ ನನ್ನ ಕಣ್ಣು ಮದುಮಕ್ಕಳ ಮೇಲಲ್ಲ, ಲಗ್ನಪತ್ರಿಕೆಯಲ್ಲಿ ಯಾವ ಸೋದರತ್ತೆಯ ಹೆಸರು ಬಿಟ್ಟುಹೋಗಿದೆ ಅನ್ನುವುದರ ಮೇಲೆ. ಸಾರಿಗೆ ಉಪ್ಪು ಕಡಿಮೆ ಅಂತ ಅಮ್ಮನಿಗೆ ಹೇಳಿ, ಮುಂದಿದ್ದ ತಟ್ಟೆಯನ್ನೇ ಕಳೆದುಕೊಂಡ ದಿನಗಳೂ ಉಂಟು. ಈ ಚಾಳಿಗೂ ಸಂಬಳ ಕೊಡುವವರಿದ್ದಾರೆ ಅಂತ ಗೊತ್ತಾದದ್ದು ಎಂಬತ್ತರ ದಶಕದಲ್ಲಿ, ಹೊಸೂರಿನ ಒಂದು ಕಾರ್ಖಾನೆಗೆ ಕಂಪ್ಯೂಟರ್ ಬಂದಾಗ. ಅದಕ್ಕೆ ಬರೆದ ಪ್ರೋಗ್ರಾಮುಗಳನ್ನು ಓಡಿಸಿ ನೋಡಿ ತಪ್ಪು ಹಿಡಿಯಲು ಒಬ್ಬ ಪದವೀಧರ ಬೇಕಾಗಿದ್ದನಂತೆ. ಬಿ.ಎಸ್ಸಿ. ಮುಗಿಸಿ ಅವಲಪಲ್ಲಿಯಲ್ಲಿ ಎಲೆಕೋಸಿನ ತೋಟಕ್ಕೆ ನೀರು ಕಟ್ಟುತ್ತಿದ್ದ ನನಗೆ ಈ ಕೆಲಸ ನನಗಾಗಿಯೇ ಹುಟ್ಟಿದೆ ಅನ್ನಿಸಿತು. ಅದೂ ಅಲ್ಲದೆ ಆಲಸನತ್ತದ ನಮ್ಮ ಸೋದರಮಾವ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ: "ಫ್ಯಾಕ್ಟ್ರಿ ಕೆಲ್ಸ ಆದ್ರೆ ಮಗ್ಳ ಕೊಡ್ತೀನಿ. ಕೋಸು ಕೀಳೋನ್ಗೆ ಕೊಡಾಕಿಲ್ಲ." ಮಾವ ತಾನೂ ಕೋಸು ಕೀಳುವವನೇ ಅನ್ನುವುದನ್ನು ನಾನು ಎತ್ತಿ ತೋರಿಸಲಿಲ್ಲ. ಬಾಗಿಲ ಹಿಂದೆ ಅವನ ಮಗಳು ಜಯಮ್ಮ ನಿಂತಿದ್ದಳು.

ಅರ್ಜಿ ಹಾಕಿದವನು ನಾನೊಬ್ಬನೇ ಅಲ್ಲ. ನನ್ನ ಜೊತೆಗೇ ಓದಿದ ದೊಡ್ಡಪ್ಪನ ಮಗ, ವರಸೆಯಲ್ಲಿ ಅಣ್ಣ, ಅವನೂ ಹಾಕಿದ. ನನ್ನ ಹೆಸರು ಎಂ. ಮುನಿಯಪ್ಪ. ಅವನ ಹೆಸರೂ ಎಂ. ಮುನಿಯಪ್ಪ. ನಮ್ಮ ಕಡೆ ಮೊದಲ ಗಂಡುಮಗನಿಗೆ ತಾತನ ಹೆಸರು ಇಡುತ್ತಾರೆ, ನಮ್ಮ ತಾತ ಮುನಿಯಪ್ಪ. ಅವನ ಅಪ್ಪ ಮುನಿವೆಂಕಟಪ್ಪ, ನನ್ನ ಅಪ್ಪ ಮುನಿರಾಮಪ್ಪ. ಹೆಸರಿನ ಮುಂದೆ ಅಪ್ಪನ ಹೆಸರಿನ ಒಂದೇ ಒಂದು ಅಕ್ಷರ ಹಾಕುವುದು ನಮ್ಮ ಹೊಸೂರು ಸೇರಿದ ತಮಿಳುನಾಡಿನ ಶಾಲೆಗಳ ಪದ್ಧತಿ. ಊರಲ್ಲಿ ಇದರಿಂದ ಯಾರಿಗೂ ಗೊಂದಲವಿಲ್ಲ. ಅವನು ಮೇಲ್ಮನೆ ಮುನಿಯ, ನಾನು ಕೆಳಮನೆ ಮುನಿಯ. ಆದರೆ ಕಾರ್ಖಾನೆಯಿಂದ ಇಂಟರ್‌ವ್ಯೂಗೆ ಕರೆದ ಕಾಗದ ಬಂದದ್ದು ಒಂದೇ. ಮೇಲೆ ಹೆಸರು, ಊರು, ಅಷ್ಟೇ. ಯಾರಿಗೆ ಅಂತ ತಿಳಿಯದೆ ನಾನು ತಲೆ ಕೆರೆದುಕೊಂಡರೆ ಅಣ್ಣ ನಕ್ಕುಬಿಟ್ಟ. "ಇಬ್ರೂ ಹೋಗವ ಬಾರ್ಲಾ. ಯಾರ್ಗಾದ್ರೂ ಸಿಗ್ಲಿ."

ಕಂಪ್ಯೂಟರ್ ಇದ್ದ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಒಳಗೆ ಐಸ್‌ಕ್ಯಾಂಡಿ ಪೆಟ್ಟಿಗೆಯ ಹಾಗೆ ಚಳಿ. ತಂಪು ಮನುಷ್ಯರಿಗಲ್ಲ, ಯಂತ್ರಕ್ಕೆ. ಅದರ ನೆತ್ತಿಗೆ ಅರಿಶಿನ ಕುಂಕುಮ, ಪಕ್ಕದಲ್ಲಿ ಒಂದು ನಿಂಬೆಹಣ್ಣು. ಮದ್ರಾಸಿನಿಂದ ಬಂದಿದ್ದ ಮ್ಯಾನೇಜರ್ "ಉಕ್ಕಾರುಪ್ಪಾ" ಅಂದರು. ಕೂರೋಣವೆಂದರೆ ಕುರ್ಚಿಯೇ ಇರಲಿಲ್ಲ. ಇದ್ದ ಎರಡರಲ್ಲಿ ಒಂದರಲ್ಲಿ ಅವರು, ಇನ್ನೊಂದರಲ್ಲಿ ಪ್ರೋಗ್ರಾಮ್ ಬರೆದ ಮಹಾಶಯ. ಇಬ್ಬರೂ ನನ್ನ ಮುಖ ನೋಡಲಿಲ್ಲ. ಅವರ ಕಣ್ಣೆಲ್ಲ ಕಿರ್ರೆನ್ನುತ್ತಾ ಕಾಗದ ಉಗುಳುತ್ತಿದ್ದ ಪ್ರಿಂಟರಿನ ಮೇಲೆ. ಹೆತ್ತ ಮಗುವನ್ನೂ ಅಷ್ಟು ಬೆರಗಿನಿಂದ ನೋಡಿರಲಾರರು. ಮಹಾಶಯ ಆ ಕಾಗದ ಹರಿದು ನನ್ನ ಕೈಗಿಟ್ಟು, "ಇವತ್ತು ಇಂಟರ್‌ವ್ಯೂಗೆ ಕರೆದವರ ಪಟ್ಟಿ. ತಪ್ಪಿದ್ದರೆ ತೋರಿಸು" ಅಂದ. ಇದೆಂಥಾ ಪರೀಕ್ಷೆ? ಹೊರಗೆ ಬೆಂಚಿನ ಮೇಲಿದ್ದವರನ್ನು ನಾನು ಆಗಲೇ ಎಣಿಸಿದ್ದೆ, ನನ್ನೂ ಸೇರಿ ಹನ್ನೆರಡು ಜನ. ಪಟ್ಟಿಯಲ್ಲಿ ಹನ್ನೊಂದು. ಅವಲಪಲ್ಲಿಯ ಎಂ. ಮುನಿಯಪ್ಪ ಒಬ್ಬನೇ ಇದ್ದ.

"ಸಾರ್, ನಾವು ಇಬ್ಬರು ಇದ್ದೀವಿ" ಅಂದೆ. ಮಹಾಶಯ ಮೊದಲ ಸಲ ನಕ್ಕ. "ಒಂದು ಹೆಸರು, ಒಂದು ಊರು ಅಂದರೆ ಒಬ್ಬ ಮನುಷ್ಯ. ಎರಡನೇ ಸಲ ಬಂದ ಹೆಸರನ್ನು ಯಂತ್ರ ತಾನೇ ಅಳಿಸಿಹಾಕುತ್ತೆ. ಅದು ತಪ್ಪಲ್ಲ, ಪ್ರೋಗ್ರಾಮಿನ ಬುದ್ಧಿವಂತಿಕೆ." ನಾನು ಬಿಡಲಿಲ್ಲ. ನಮ್ಮ ಸುತ್ತಿನ ಯಾವ ಹಳ್ಳಿಗೆ ಹೋದರೂ ಹೀಗೆ ಜೋಡಿ ಜೋಡಿ ಮುನಿಯಪ್ಪ, ತಿಮ್ಮರಾಯಪ್ಪ ಸಿಗುತ್ತಾರೆ, ನಾಳೆ ಅವರೆಲ್ಲ ಈ ಕಾರ್ಖಾನೆಗೆ ಸೇರಿದರೆ ಅರ್ಧ ಜನ ಮಾಯವಾಗುತ್ತಾರೆ ಸಾರ್, ಅಂದೆ. ಮ್ಯಾನೇಜರಿಗೆ ರೇಗಿತು. ಇಷ್ಟು ದೊಡ್ಡ ಯಂತ್ರ ತಂದಿದ್ದೇವೆ, ನಿಮ್ಮವರಿಗೆ ಒಂದು ಬೇರೆ ಹೆಸರು ಹುಡುಕೋಕೆ ಆಗಲಿಲ್ಲವಾ ಅಂತ ತಮಿಳಿನಲ್ಲಿ ಗದರಿಸಿ, ಬಾಗಿಲು ತೋರಿಸಿದರು. ಆ ಹೊತ್ತಿಗೆ ನನಗೆ ಅವರಿಬ್ಬರ ಮೇಲೆ ಹುಟ್ಟಿದ ತಾತ್ಸಾರ ಇವತ್ತಿಗೂ ಹೋಗಿಲ್ಲ. ತಪ್ಪು ಹಿಡಿಯುವವನು ಬೇಕು ಅಂತ ಕರೆದು, ಹಿಡಿದುಕೊಟ್ಟರೆ ಅಟ್ಟುವ ಇವರಿಗೆ ನಿಂಬೆಹಣ್ಣೇ ಸಾಕಾಗಿತ್ತು.

ನನ್ನ ಹಿಂದೆ ಒಳಗೆ ಹೋದ ಅಣ್ಣ ಎರಡೇ ನಿಮಿಷದಲ್ಲಿ ಹೊರಗೆ ಬಂದ. "ಮತ್ತೆ ಬಂದ್ಯಾ ಅಂದ್ರು ಕಣ್ಲಾ. ನಾನ್ಯಾವಾಗ ಹೋಗಿದ್ನೋ! ಸುಮ್ಕೆ ಹೂಂ ಅಂದೆ. ಆ ಪಟ್ಟಿ ಕೊಟ್ರು. ಒಂದೂ ತಪ್ಪಿಲ್ಲ ಸಾರ್, ಅಚ್ಚುಕಟ್ಟಾಗೈತೆ ಅಂದ್ಬುಟ್ಟೆ. ನಂಗೇನ್ಲಾ ಗೊತ್ತಾಯ್ತದೆ?"

ಹದಿನೈದು ದಿನಕ್ಕೆ ಕೆಲಸಕ್ಕೆ ಸೇರುವಂತೆ ಕಾಗದ ಬಂತು. ಒಂದೇ ಕಾಗದ. ಎಂ. ಮುನಿಯಪ್ಪ, ಅವಲಪಲ್ಲಿ. ಪೋಸ್ಟ್‌ಮ್ಯಾನಿಗೆ ನಮ್ಮ ಮನೆ ಮೊದಲು ಸಿಗುತ್ತದೆ. ಓದಿ ನೋಡಿ, ನಮ್ಮದಲ್ಲದಿದ್ದರೆ ಮೇಲ್ಮನೆಗೆ ಕಳಿಸುವುದು ನಮ್ಮಲ್ಲಿ ವಾಡಿಕೆ. ಅವತ್ತು ನಾನು ಓದಿದೆ, ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ವಿಷಯ ಕೇಳಿದ ಅಣ್ಣನ ಮುಖದಲ್ಲಿ ಸಂಶಯದ ಸುಳಿವೂ ಇರಲಿಲ್ಲ. "ನೀನು ತಪ್ಪು ಹುಡುಕ್ಬುಟ್ಟೆ, ನಾನು ಬೆಪ್ಪನಂಗೆ ಒಂದೂ ಇಲ್ಲ ಅಂದೆ. ನಿಂಗೇ ಸಿಗ್ಬೇಕಾದ್ದು ಕಣ್ಲಾ" ಅಂದು, ಸೇರುವ ದಿನ ತಾನೇ ಸೈಕಲ್ಲಿನಲ್ಲಿ ಕೂರಿಸಿಕೊಂಡು ಕಾರ್ಖಾನೆಯ ಗೇಟಿನವರೆಗೂ ಬಿಟ್ಟುಬಂದ.

ಒಳಗೆ ಮ್ಯಾನೇಜರ್ ಆಗಲೂ ನನ್ನ ಮುಖ ನೋಡಲಿಲ್ಲ. ಕಾಗದ ನೋಡಿದರು. "ಮೊದಲು ತಪ್ಪಿದೆ ಅಂತ ವಾದ ಮಾಡಿ, ಆಮೇಲೆ ಬುದ್ಧಿ ಬಂದು, ತಿರುಗಿ ಬಂದು ಒಂದೂ ತಪ್ಪಿಲ್ಲ ಅಂದವನು ನೀನೇ ತಾನೆ?" ಯಂತ್ರ ಮಾಡಿದ್ದನ್ನೇ ಈ ಮನುಷ್ಯರೂ ಮಾಡಿದ್ದರು, ಇಬ್ಬರನ್ನು ಒಬ್ಬನನ್ನಾಗಿಸಿದ್ದರು. ಕೆಲಸ ಸಿಕ್ಕಿದ್ದು ಅಣ್ಣನ ಮಾತಿಗೆ. ಆ ಮಾತು ನನ್ನ ನಾಲಿಗೆ ತುದಿಯವರೆಗೂ ಬಂತು. ಹೊರಗೆ ಗೇಟಿನ ಹತ್ತಿರ ಅಣ್ಣ ಇನ್ನೂ ಇದ್ದನೇನೋ, ಕೂಗಿದ್ದರೆ ಕೇಳಿಸುತ್ತಿತ್ತು. ಆದರೆ ಬಾಗಿಲ ಹಿಂದೆ ನಿಂತಿದ್ದ ಜಯಮ್ಮ ಕಣ್ಣ ಮುಂದೆ ಬಂದಳು.

"ಹೌದು ಸಾರ್, ನಾನೇ" ಅಂದೆ.

ಮದುವೆ ಆಯಿತು. ವರ್ಷಗಟ್ಟಲೆ ಆ ಕಾರ್ಖಾನೆಯ ಪ್ರೋಗ್ರಾಮುಗಳ ತಪ್ಪು ಹಿಡಿದು ದಪ್ಪ ದಪ್ಪ ಪುಸ್ತಕಗಳಲ್ಲಿ ಬರೆದಿಟ್ಟೆ. ಮೊಟ್ಟಮೊದಲು ಹಿಡಿದ ಆ ಒಂದನ್ನು ಮಾತ್ರ ಬರೆಯಲಿಲ್ಲ. ಕೋಸು ಬಂದಾಗಲೆಲ್ಲ ಅಣ್ಣ ಈಗಲೂ ಒಂದು ಚೀಲ ಹೊತ್ತು ತಂದು ಮನೆಯಲ್ಲಿ ಇಳಿಸುತ್ತಾನೆ. "ನಿನ್ ಗಂಡನ ಕಣ್ಣೇ ಕಣ್ಣು ಕಣಮ್ಮ, ಒಂದ್ ತಪ್ಪೂ ಬಿಡಾಕಿಲ್ಲ" ಅಂತ ಜಯಮ್ಮನಿಗೆ ಹೇಳುತ್ತಾನೆ. ಆ ಕೋಸಿನ ಪಲ್ಯಕ್ಕೆ ಉಪ್ಪೇ ಹಾಕದಿದ್ದರೂ ನಾನು ತಪ್ಪು ತೆಗೆಯದೆ ಉಣ್ಣುತ್ತೇನೆ.