ಅಲಾರಮ್ಮಿಗೊಂದು ಬಿಟ್ಟಿ ಸಿಮ್

ಕಳ್ಳ ನುಗ್ಗಿದ್ದು ಹಿಂದಿನ ಬೀದಿಯ ಫೋಟೋಗ್ರಾಫರನ ಮನೆಗೆ. ನಿದ್ದೆ ಹಾರಿಹೋದದ್ದು ನಮ್ಮ ಕನ್ನಡಕದಂಗಡಿಯ ಯಜಮಾನರಿಗೆ. ಅವರಿಗೆ ಕಳ್ಳನ ಭಯವೆಂದು ತಿಳಿದೀರಿ ಮತ್ತೆ! ಅವರ ಮನೆಯಲ್ಲಿ ಕದಿಯುವಂಥದ್ದು ಏನಿದೆ? (ಇರುವುದನ್ನೂ ಎಲ್ಲಿಟ್ಟೆನೆಂದು ಅವರೇ ಹುಡುಕುತ್ತಿರುತ್ತಾರೆ.) ಭಯ ಹುಟ್ಟಿಸಿದ್ದು ಹೆಂಡತಿಯ ಮಾತು.

"ರೀ, ನಾನು ಸ್ಕೂಲಿಗೆ, ನೀವು ಅಂಗಡಿಗೆ. ಹಗಲೆಲ್ಲ ಮನೆ ಬಿಕೋ ಅಂತಿರುತ್ತೆ. ಅಮ್ಮನ್ನ ಕರೆಸ್ಕೊಂಡುಬಿಡೋಣ."

ಹೆಂಡತಿ ಗಣಿತದ ಮೇಡಂ. ಅವಳು ಲೆಕ್ಕ ಹಾಕಿ ಹೇಳಿದ ಮಾತಿಗೆ ತಿದ್ದುಪಡಿ ಇಲ್ಲ. ಯಜಮಾನರಿಗೆ ದಿಗಿಲು ಹತ್ತಿದ್ದು ಆಗಲೇ. ಯಾಕೆಂದರೆ ಅವರ ಬದುಕಿನಲ್ಲಿ ಒಂದೇ ಒಂದು ಗುಟ್ಟಿತ್ತು. ದಿನಾ ಮಧ್ಯಾಹ್ನ ಅಂಗಡಿಯ ಬಾಗಿಲಿಗೆ 'ಊಟದ ವಿರಾಮ' ಎಂಬ ಹಲಗೆ ತೂಗುಹಾಕಿ, ಓಣಿಯಲ್ಲಿ ನುಸುಳಿ ಮನೆಗೆ ಬಂದು, ಹಾಲ್‌ನ ಉದ್ದ ಸೋಫಾದ ಮೇಲೆ ಕಾಲು ಚಾಚಿ ನಿದ್ರಾದೇವಿಯ ಸೇವೆ ಮಾಡುತ್ತಿದ್ದರು. ಗಂಡ ಅಂಗಡಿಯಲ್ಲಿ ಕೂತು ಮಸೂರ ಉಜ್ಜುತ್ತಿದ್ದಾನೆಂದು ಮೇಡಮ್ಮಿನ ನಂಬಿಕೆ. ಅತ್ತೆ ಬಂದರೆ ಆ ಸ್ವರ್ಗಕ್ಕೆ ಬೀಗ. ಅತ್ತೆಯವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಉಸಿರು ಕೇಳಿಯೇ ಆಳು ಯಾರೆಂದು ಹೇಳುವಂಥ ಕಿವಿ. ಅದೂ ಅಲ್ಲದೆ, ಹಗಲು ಮಲಗುವ ಗಂಡಸಿಗೆ ಏನೋ ಕಾಯಿಲೆ ಇರಲೇಬೇಕೆಂಬುದು ಅವರ ಖಚಿತ ಅಭಿಪ್ರಾಯ.

"ಪಾಪ, ಈ ವಯಸ್ಸಲ್ಲಿ ಅತ್ತೆಗ್ಯಾಕೆ ಕಾವಲು ಕೆಲಸ?" ಎಂದರು ಯಜಮಾನರು, ಬಾಯಲ್ಲಿ ಜೇನು ಸುರಿಸುತ್ತ. "ಅಲಾರಂ ಹಾಕಿಸ್ತೀನಿ. ಕಳ್ಳ ಬಂದ್ರೆ ತಾನೇ ಫೋನ್ ಮಾಡುತ್ತೆ."

ಅಲಾರಮ್ಮೇನೋ ಬಂತು. ಆದರೆ ಅದಕ್ಕೊಂದು ಸಿಮ್ ಬೇಕು, ಸಿಮ್ಮಿಗೊಂದು ಪ್ಲಾನ್ ಬೇಕು. ಯಜಮಾನರು ಮೊಬೈಲ್ ಅಂಗಡಿಗೆ ದಂಡಯಾತ್ರೆ ಹೊರಟರು.

"ಮಾತು ಎಷ್ಟು ಬೇಕು ಸಾರ್, ಇಂಟರ್ನೆಟ್ ಎಷ್ಟು ಬೇಕು?" ಎಂದು ಕೇಳಿದಳು ಅಂಗಡಿಯ ಹುಡುಗಿ.

"ಅಮ್ಮಾ, ಸಿಮ್ ನನಗಲ್ಲ, ಮನೆ ಅಲಾರಮ್ಮಿಗೆ. ಕಳ್ಳ ಬಂದಾಗ ಒಂದ್ಸಲ ಕೂಗಿದ್ರೆ ಸಾಕು."

"ಹಾಗಾದ್ರೆ ಈ ಚಿಕ್ಕ ಪ್ಲಾನ್ ತಗೊಳ್ಳಿ. ತಿಂಗಳು ತಿಂಗಳು ರೀಚಾರ್ಜ್ ಮಾಡಿಸಿದ್ರಾಯ್ತು."

"ಕಳ್ಳ ಬರದಿರೋ ತಿಂಗಳೂ ದುಡ್ಡು ಕೊಡ್ಬೇಕಾ?"

"ಕೊಡ್ಬೇಕು ಸಾರ್."

"ಕಳ್ಳ ಬಂದ ತಿಂಗಳು ಮಾತ್ರ ಕೊಡೋ ಅಂಥ ಪ್ಲಾನ್ ಇಲ್ವಾ?"

ಹುಡುಗಿ ಎದ್ದು ಹೋಗಿ ನೀರು ಕುಡಿದು ಬಂದಳು. ಅಲ್ಲಿದ್ದ ಪ್ಲಾನುಗಳನ್ನೆಲ್ಲ ಯಜಮಾನರು ಒಂದೊಂದಾಗಿ ತಿರಸ್ಕರಿಸಿದ ಮೇಲೆ ಸೋತ ದನಿಯಲ್ಲಿ ಅಂದಳು: "ಇನ್ನು ಉಳಿದಿರೋದು ಮಕ್ಕಳ ಸಿಮ್ ಒಂದೇ. ನಿಮ್ಮವರಲ್ಲಿ ಯಾರದಾದ್ರೂ ಫ್ಯಾಮಿಲಿ ಪ್ಲಾನ್ ಇದ್ರೆ ಅದಕ್ಕೆ ಸೇರಿಸ್ಬಹುದು. ಬಿಟ್ಟಿ. ಆದ್ರೆ ಆ ಸಿಮ್ಮಿಂದ ಫೋನು, ಮೆಸೇಜು ಏನೇ ಹೋದ್ರೂ ಪ್ಲಾನಿನ ಹಿರಿಯರಿಗೇ ಹೋಗುತ್ತೆ. ಬೇರೆ ಯಾರಿಗೂ ಹೋಗಲ್ಲ."

'ಬಿಟ್ಟಿ' ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಯಜಮಾನರಿಗೆ ಬೇರೇನೂ ಕೇಳಿಸುವುದಿಲ್ಲ. ಅವರ ಬಳಗದಲ್ಲಿ ಫ್ಯಾಮಿಲಿ ಪ್ಲಾನ್ ಇದ್ದದ್ದು ಒಬ್ಬರಿಗೇ. ಯಾರೆಂದು ನಿಮಗೆ ಹೇಳಬೇಕಾಗಿಲ್ಲ. ಅತ್ತೆ ಬರದಿರಲೆಂದು ತಂದ ಅಲಾರಮ್ಮು ಅತ್ತೆಗೇ ಫೋನ್ ಮಾಡುವುದು ಸ್ವಲ್ಪ ವಿಚಿತ್ರವೇ ಅನ್ನಿಸಿತು. ಆದರೆ ಕಳ್ಳ ಬಂದರೆ ತಾನೆ? ಯಜಮಾನರು ಫೋನ್ ತಿರುಗಿಸಿದರು.

"ಅತ್ತೇ, ಊಟ ಆಯ್ತಾ?"

"ಮದುವೆ ಆದ್ಮೇಲೆ ಇವತ್ತೇ ಮೊದಲು ಕೇಳ್ತಿರೋದು. ಏನಾಗ್ಬೇಕಿತ್ತು ಹೇಳಿ ಅಳಿಯಂದ್ರೇ."

ಯಜಮಾನರು ಹಲ್ಲು ಗಿಂಜುತ್ತ ವಿಷಯ ಹೇಳಿದರು. "ಅಯ್ಯೋ, ಅದಕ್ಕೇನಂತೆ!" ಎಂದು ಅತ್ತೆ ಉಬ್ಬಿಹೋದರು. "ಪ್ಲಾನಿಗೊಂದು ಮಗು ಬಂತು ಅಂದ್ಕೋತೀನಿ."

ಮರುದಿನವೇ ಎಲೆಕ್ಟ್ರಿಷಿಯನ್ ಬಂದು ಪೆಟ್ಟಿಗೆಯನ್ನು ಹಾಲ್‌ನ ಗೋಡೆಗೆ ಹೊಡೆದ. ಮುಂಬಾಗಿಲಿಗೊಂದು ಸೆನ್ಸರ್, ಹಾಲ್‌ನ ಮೂಲೆಯಲ್ಲಿ ಓಡಾಟ ಕಂಡರೆ ಕೂಗುವ ಕಣ್ಣೊಂದು. "ಬೆಕ್ಕು ಗಿಕ್ಕು ಓಡಾಡಿದ್ರೆ ಕೂಗಲ್ಲ ಸಾರ್. ಮನುಷ್ಯರು ಬಂದ್ರೆ ಬಿಡಲ್ಲ. ಪೆಟ್ಟಿಗೇಲಿ ಮೈಕಿದೆ, ಸ್ಪೀಕರಿದೆ. ಅತ್ತ ಕಡೆಯವರು ಕೇಳಿಸ್ಕೋಬಹುದು, ಮಾತೂ ಆಡ್ಬಹುದು." ಅಡುಗೆಮನೆಯ ಕಿಟಕಿಗೂ ಸೆನ್ಸರ್ ಬೇಕೆ ಎಂದು ಕೇಳಿದ. ಬೇಡವೆಂದು ಯಜಮಾನರು ಅಲ್ಲೂ ಉಳಿಸಿದರು.

ಮಧ್ಯಾಹ್ನ ಬಂದು, ಅಲಾರಂ ಆರಿಸಿ, ಸೋಫಾಕ್ಕೆ ಬೆನ್ನು ತಾಗಿಸಿದ್ದರೋ ಇಲ್ಲವೋ, ಮೊಬೈಲ್ ಹೊಡೆದುಕೊಂಡಿತು.

"ಅಳಿಯಂದ್ರೇ, ಮಗು ಮೆಸೇಜ್ ಕಳಿಸಿದೆ. ಬಾಗಿಲು ತೆಗೆದ್ರಂತೆ, ಅಲಾರಂ ಆರಿಸಿದ್ರಂತೆ. ನೀವೇ ತಾನೆ?"

ಯಜಮಾನರು ಎದ್ದು ಕೂತರು. ಆ ದರಿದ್ರ ಪೆಟ್ಟಿಗೆ ಕಳ್ಳ ಬಂದಾಗ ಮಾತ್ರವಲ್ಲ, ಬಾಗಿಲು ತೆಗೆದದ್ದಕ್ಕೂ ಮುಚ್ಚಿದ್ದಕ್ಕೂ ವರದಿ ಒಪ್ಪಿಸುತ್ತಿತ್ತು!

"ನಾನೇ ಅತ್ತೆ. ಊಟದ ಡಬ್ಬಿ ಮರ್ತುಬಿಟ್ಟಿದ್ದೆ."

"ಸಿಕ್ತಾ? ಹಾಗಾದ್ರೆ ಬೇಗ ಬಾಗಿಲು ಹಾಕ್ಕೊಂಡು ಹೊರಡಿ. ನೀವು ಹೊರಟ ಮೆಸೇಜ್ ಬರೋವರೆಗೂ ನಂಗೆ ಸಮಾಧಾನ ಇಲ್ಲ."

ಯಜಮಾನರು ಆಕಳಿಸುತ್ತ ಅಂಗಡಿಗೆ ವಾಪಸಾದರು. ಮರುದಿನ ಕೊಡೆ ಮರೆತರು, ಅದರ ಮರುದಿನ ಕರ್ಚೀಫು, ಆಮೇಲೆ ಅಂಗಡಿಯ ಬೀಗದ ಕೈ. ಕೊನೆಗೆ ಮರೆಯಲು ಮನೆಯಲ್ಲಿ ಸಾಮಾನೇ ಉಳಿಯಲಿಲ್ಲ. ಅತ್ತ ಅಂಗಡಿಯಲ್ಲಿ ಗಿರಾಕಿಯೊಬ್ಬರು ಗೋಡೆಯ ಮೇಲಿನ ಅಕ್ಷರಗಳನ್ನೆಲ್ಲ ಕೊನೆಯ ಸಾಲಿನವರೆಗೂ ಓದಿ, ಶಹಭಾಸ್‌ಗಿರಿಗಾಗಿ ತಿರುಗಿ ನೋಡಿದರೆ ಯಜಮಾನರು ಗೊರಕೆ ಹೊಡೆಯುತ್ತಿದ್ದರು.

ಮೊಬೈಲ್ ಅಂಗಡಿಯ ಹುಡುಗಿಯ ಹತ್ತಿರ ಓಡಿದರೆ ಅವಳು ಸುಲಭವಾಗಿ ಅಂದಳು: "ಮಕ್ಕಳ ಸಿಮ್ ತೆಗೆದು ದುಡ್ಡು ಕೊಟ್ಟು ಆ ಚಿಕ್ಕ ಪ್ಲಾನ್ ಹಾಕಿಸ್ಕೊಳ್ಳಿ ಸಾರ್. ಮೆಸೇಜ್ ನಿಮಗೇ ಬರುತ್ತೆ."

ದುಡ್ಡು ಕೊಡುವುದೇ! ಬಿಟ್ಟಿಯಾಗಿ ಬಂದದ್ದನ್ನು ಬಿಟ್ಟು! ತಲೆಯಲ್ಲಿ ಬುದ್ಧಿ ಇರುವಾಗ ಜೇಬಿಗೇಕೆ ಕೈ ಹಾಕಬೇಕು ಎಂದು ಯಜಮಾನರು ಮೀಸೆ ತಿರುವಿದರು. ಬಾಗಿಲು ತೆಗೆದರೆ ತಾನೆ ಮೆಸೇಜು? ಅಡುಗೆಮನೆಯ ಕಿಟಕಿ ಇದೆಯಲ್ಲ! ಹಾಲ್‌ನ ಕಣ್ಣೊಂದು ಉಳಿಯಿತು. ಅದು ಬೆಕ್ಕಿಗೆ ಕೂಗುವುದಿಲ್ಲ. ಸರಿ, ಬೆಕ್ಕಿನ ಹಾಗೆ ಹೋದರಾಯಿತು.

ಅಂದು ಮಧ್ಯಾಹ್ನ ಯಜಮಾನರು ಕಿಟಕಿಯಲ್ಲಿ ಹೊಟ್ಟೆ ತೂರಿಸಿ, ಪಾತ್ರೆಗಳ ಮಧ್ಯೆ ಇಳಿದು, ನಾಲ್ಕೂ ಕಾಲಿನಲ್ಲಿ (ಅಂದರೆ ಎರಡು ಕಾಲು ಎರಡು ಕೈಯಲ್ಲಿ) ಹಾಲ್ ಪ್ರವೇಶಿಸಿದರು. ಪೆಟ್ಟಿಗೆ ಸುಮ್ಮನಿತ್ತು. ಸೋಫಾ ಸಮೀಪಿಸಿತು. ಸುಮ್ಮನಿತ್ತು. ಆನಂದದಿಂದ ಒಂದು ಕಾಲೆತ್ತಿ ಸೋಫಾದ ಮೇಲಿಟ್ಟರು ನೋಡಿ, ಸೈರನ್ ಬಡಿದುಕೊಂಡ ರಭಸಕ್ಕೆ ಎದುರು ಮನೆಯ ದರ್ಜಿ ಅಳತೆ ಕೋಲು ಹಿಡಿದು ಬೀದಿಗೆ ಹಾರಿದ. ಸೈರನ್ ನಿಂತಿತು. ಅದರ ಹಿಂದೆಯೇ ಪೆಟ್ಟಿಗೆಯಿಂದ ಎಕ್ಸ್‌ಚೇಂಜಿನ ಗತ್ತಿನ ದನಿ:

"ಹಲೋ! ಯಾರದು ಒಳಗೆ? ಬಾಯಿ ಬಿಡದಿದ್ರೆ ಪೊಲೀಸ್ರಿಗೆ ಲೈನ್ ಕೊಡ್ತೀನಿ!"

ಯಜಮಾನರ ಬಾಯಿಗೆ ಬಂದದ್ದು ಒಂದೇ. "ಮ್ಯಾಂವ್."

ಅತ್ತ ಕಡೆಯ ಕಿವಿ ನೆಟ್ಟಗಾಯಿತು. "ಬೆಕ್ಕಿಗೆ ಏದುಸಿರು ಬೇರೆ! ಈ ಉಸಿರು ನಮ್ಮ ಅಳಿಯಂದ್ರದ್ದಲ್ವಾ? ತಡೀರಿ, ಮಗಳಿಗೂ ಲೈನ್ ಸೇರಿಸ್ತೀನಿ."

ಪೆಟ್ಟಿಗೆಯಿಂದ ಈಗ ಗಣಿತದ ಮೇಡಮ್ಮಿನ ದನಿಯೂ ಬಂತು. "ರೀ! ಅಂಗಡಿ ಬಿಟ್ಟು ಈ ಹೊತ್ತಲ್ಲಿ ಮನೇಲೇನ್ರೀ ಮಾಡ್ತಿದೀರ?"

ಯಜಮಾನರ ಸಹನೆಯ ಕಟ್ಟೆ ಒಡೆಯಿತು. "ನಿದ್ದೆ ಕಣೇ, ನಿದ್ದೆ! ದಿನಾ ಮಧ್ಯಾಹ್ನ ಬಂದು ಮಲಗ್ತಿದ್ದೆ! ನನ್ನ ಮನೇಲಿ, ನನ್ನ ಸೋಫಾದಲ್ಲಿ, ನಾನು ಒಂಚೂರು ಕಣ್ಣು ಮುಚ್ಚಬಾರದಾ? ಅದಕ್ಕೂ ಕಳ್ಳನ ಥರ ಬರ್ಬೇಕಾ?" ಕಿಟಕಿಯಲ್ಲಿ ಇಣುಕಿದ್ದ ದರ್ಜಿಯೂ ಕರುಳು ಚುರುಕ್ಕೆಂದು ಕೋಲು ಕೆಳಗಿಳಿಸಿದ.

ಅತ್ತೆಯ ದನಿ ಬೆಣ್ಣೆಯಾಯಿತು. "ಪಾಪ ಕಣೇ. ದಿನಾ ಏನೇನೋ ಮರೆಯೋದು, ಹಗಲಲ್ಲಿ ನಿದ್ದೆ, ಈಗ ಮ್ಯಾಂವ್ ಅನ್ನೋದು. ಅಳಿಯಂದ್ರಿಗೆ ಏನೋ ಆಗಿದೆ. ನಾನು ನಾಳೇನೇ ಹೊರಟು ಬರ್ತೀನಿ."

ಬಂದರು. ಹಗಲು ನಿದ್ದೆ ಕೂಡದೆಂದು ಅಳಿಯಂದಿರಿಗೆ ಪಥ್ಯ ವಿಧಿಸಿ, ಮಧ್ಯಾಹ್ನ ಮನೆಯ ಕಡೆ ಸುಳಿಯದಂತೆ ಮಾಡಿದರು. ಊಟ ಮುಗಿಸಿ ತಾವು ಸೋಫಾದ ಮೇಲೆ ಒರಗಿದರು. "ನಾನೇನು ಮಲಗಲ್ಲಪ್ಪ, ಸುಮ್ನೆ ಕಣ್ಣು ಮುಚ್ಕೋತೀನಿ. ಸೈರನ್ ಬಂದ್ ಮಾಡಿಸಿ, ಮೆಸೇಜ್ ಮಾತ್ರ ಇರಲಿ. ಅದೂ ನಂಗೆ ಬಂದ್ರೆ ನಿದ್ದೆ ಕೆಡುತ್ತೆ... ಕಣ್ಣು ಮುಚ್ಚೋದು ಕೆಡುತ್ತೆ. ಇನ್ಮೇಲೆ ಪ್ಲಾನಿಗೆ ನೀವೇ ಹಿರಿಯರು."

ಕೊನೆಗೂ ಮರ್ಯಾದೆ ಸಿಕ್ಕಿತೆಂದು ಯಜಮಾನರು ಎದೆ ಉಬ್ಬಿಸಿ ಒಪ್ಪಿಕೊಂಡರು. ಪ್ಲಾನಿನಲ್ಲಿರುವ ಅತ್ತೆ, ಹೆಂಡತಿ, ನಾದಿನಿ, ಷಡ್ಡಕ ಎಲ್ಲರ ಬಿಲ್ಲೂ ಹಿರಿಯರ ಹೆಸರಿಗೇ ಬರುತ್ತದೆಂದು ಮೊಬೈಲ್ ಅಂಗಡಿಯ ಹುಡುಗಿ ತಿಳಿಸಿದ್ದು ಸಹಿ ಬಿದ್ದ ಮೇಲೆ.

ಈಗ ಮಧ್ಯಾಹ್ನ ಯಜಮಾನರು ಅಂಗಡಿಯಲ್ಲಿ ಕಣ್ಣಿಗೆ ನೀರು ಹಾಕಿಕೊಂಡು ಕೂರುತ್ತಾರೆ. ಮೊಬೈಲ್ ಟಣ್ ಎನ್ನುತ್ತದೆ: 'ಹಾಲ್‌ನಲ್ಲಿ ಚಲನೆ ಕಂಡುಬಂದಿದೆ.' ಅಂದರೆ ಅತ್ತೆ ಮಗ್ಗುಲು ಬದಲಾಯಿಸಿ ಗೋಡೆಯ ಕಡೆ ತಿರುಗಿದ್ದಾರೆ. ಆ ಮಗ್ಗುಲಿಗೇ ನಿದ್ದೆ ಸೊಗಸಾಗಿ ಬರುತ್ತದೆಂದು ಯಜಮಾನರಿಗಿಂತ ಚೆನ್ನಾಗಿ ಬಲ್ಲವರು ಯಾರು?