ಗೆದ್ದವರಿಗೆ ಅಂಕವಿಲ್ಲದ ಕೋರ್ಸು

ಬೀರಪ್ಪ ಸೌಮ್ಯ ಸ್ವಭಾವದವನು, ಅದಕ್ಕೇ ಅವನಿಗೆ ಮೊದಲ ಸ್ಥಾನ ಬಂತು ಎಂದು ಅಕ್ಕಲಕೋಟದ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸೌಮ್ಯ ಸ್ವಭಾವಕ್ಕೇ ಅಂಕ ಕೊಡುವುದಾದರೆ ನೆರೆಮನೆಯ ಎಮ್ಮೆ ಎಂದೋ ರಾಯಭಾರಿಯಾಗಬೇಕಿತ್ತು. ನನ್ನದು ಹೊಟ್ಟೆಕಿಚ್ಚು ಎನ್ನುವಿರಾ? ಹೌದು. ಆದರೆ ಹೊಟ್ಟೆಕಿಚ್ಚಿನವನ ವಾದ ಸುಳ್ಳೇ ಆಗಿರಬೇಕೆಂದು ಯಾವ ತರ್ಕಶಾಸ್ತ್ರವೂ ಹೇಳಿಲ್ಲ.

ಬೀರಪ್ಪ ಚಪಳಗಾಂವದ ಕುರಿಗಾರರ ಮನೆಯ ಹುಡುಗ. ಸೊಲ್ಲಾಪುರದ ವಿಶ್ವವಿದ್ಯಾಲಯದಲ್ಲಿ ರಾಜತಾಂತ್ರಿಕ ಅಧ್ಯಯನದ ಸರ್ಟಿಫಿಕೇಟ್ ಕೋರ್ಸಿಗೆ ನಾವಿಬ್ಬರೂ ಒಂದೇ ಎಸ್.ಟಿ. ಬಸ್ಸಿನಲ್ಲಿ ಹೋಗಿಬರುತ್ತಿದ್ದೆವು. ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ಮನೆಯ ಕಪಾಟು ತುಂಬಿ ದೇವರ ಕೋಣೆಗೂ ನುಗ್ಗಿದ್ದವು. ಹಾಗಾಗಿ ಈ ಕೋರ್ಸನ್ನು ನನಗೆಂದೇ ತೆರೆದಿದ್ದಾರೆ ಎಂದುಕೊಂಡಿದ್ದೆ. ಮೊದಲ ಸ್ಥಾನ ನನ್ನದೇ ಎಂದು ಅವ್ವನಿಗೆ ಹೇಳಿಯೂ ಬಿಟ್ಟಿದ್ದೆ. ನಿಯಮಗಳನ್ನು ಓದಿದ ಮೇಲೆ ಆ ಧೈರ್ಯ ಸ್ವಲ್ಪ ಇಳಿಯಿತು. ಯಾವ ಪದವಿಯಾದರೂ ಸಾಕು, ಹಾಜರಾತಿ ಬೇಕು, ಅದೆಲ್ಲ ಸರಿ. ಮೌಖಿಕ ಪರೀಕ್ಷೆಯ ನಿಯಮ ಮಾತ್ರ ವಿಚಿತ್ರ. ಇಬ್ಬರು ಎರಡು ದೇಶಗಳ ರಾಯಭಾರಿಗಳಾಗಿ ಎದುರುಬದುರು ಕೂರಬೇಕು. ಗಂಟೆ ಹೊಡೆಯುವುದರೊಳಗೆ ರಾಜಿಯಾಗದಿದ್ದರೆ ಇಬ್ಬರೂ ನಪಾಸು. ರಾಜಿಗೆ ದಾರಿ ತೆಗೆದವನಿಗೆ ಹೆಚ್ಚಿನ ಅಂಕ.

"ವಾದದಾಗ ಗೆದ್ದಾವಗ ಏನ್ ಸಿಗತೈತ್ರಿ?" ಎಂದು ಪಾಠ ಹೇಳುವ ಮೇಡಂ ಅವರನ್ನು ಕೇಳಿದೆ.

"ಕಾಹೀ ನಾಹೀ. ಏನೂ ಇಲ್ಲ," ಎಂದರು.

ಪರೀಕ್ಷೆಯಲ್ಲಿ ನನ್ನ ಎದುರಿಗೆ ಬಂದವನು ಬೀರಪ್ಪನೇ. ಎರಡು ದೇಶಗಳ ನಡುವೆ ಒಂದು ನದಿ. ನೀರೆಲ್ಲ ನಮ್ಮದೇ ಎಂದು ನಾನು ಸಾಧಿಸುತ್ತಾ ಹೋದೆ. ಅರ್ಧ ಕೊಡಿ ಎಂದ. ಅರ್ಧವೇ ಯಾಕೆ ಎಂದೆ. ಮೌನವಾದ, ಮೌನಕ್ಕೂ ಖಂಡನೆ ಮಂಡಿಸಿದೆ. ಗಂಟೆ ಹೊಡೆಯುವ ಪಿಯೂನ್ ಬಾಗಿಲಿಗೆ ಬಂದು ನಿಂತ. ಆಗ ಬೀರಪ್ಪ ಜೇಬಿನಿಂದ ಸಣ್ಣ ಚೀಲ ತೆಗೆದ. ಅದರಲ್ಲಿದ್ದದ್ದು ಅವರ ಮನೆದೇವರು ಬೀರೋಬನ ಭಂಡಾರ, ಅರಿಸಿನದ ಪುಡಿ. ಅವರ ಹಟ್ಟಿಯಲ್ಲಿ ಜಗಳ ಮುಗಿಯುವುದು ಹೀಗೆ: ಒಬ್ಬ ಭಂಡಾರ ಚಾಚುತ್ತಾನೆ; ಇನ್ನೊಬ್ಬ ಹಣೆ ಒಡ್ಡಿದರೆ ಆ ಮಾತನ್ನು ಮತ್ತೆ ಎತ್ತುವಂತಿಲ್ಲ.

"ಅರ್ಧಾ ಅರ್ಧಾರಿ, ರಾಯಭಾರಿ ಸಾಹೇಬ್ರ. ತಗೋರಿ," ಎಂದು ಬೆರಳು ಚಾಚಿದ.

ದೇವರಿಲ್ಲ ಎಂದು ವಾದಿಸಿ ಕಪ್ಪು ತಂದವನು ನಾನು. ಆದರೆ ಅಜ್ಜಿಯ ಕೈಯಲ್ಲಿ ಬೆಳೆದ ನನ್ನ ಕುತ್ತಿಗೆಗೆ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಅದು ತಾನಾಗಿಯೇ ಬಗ್ಗಿತು. ಅವನು ಹಚ್ಚಿದ.

"ಝಾಲಂ, ಮುಗೀತು," ಎಂದು ಮೇಡಂ ಪೆನ್ನು ಎತ್ತಿಕೊಂಡರು.

"ಇದು ರೂಢಿರಿ ಮೇಡಂ, ಒಪ್ಪಿಗಿ ಅಲ್ಲ."

"ಹಂಗಾರ ಹಣಿ ಒರಸ್ಕೊಂಡು ಹೇಳ್ರಿ," ಎಂದರು.

ಒರೆಸಿಕೊಳ್ಳಲು ಕೈ ಏಳಲಿಲ್ಲ.

ಹೀಗೆ ನಾನೂ ಪಾಸಾದೆ, ಅವನ ದಯೆಯಿಂದ. ಚುಚ್ಚುವುದೇ ಅದು. "ಅಂವಾ ಇರಲಿಲ್ಲಂದ್ರ ನಿನ್ನ ನದ್ಯಾಗ ನೀನ ಮುಳುಗತಿದ್ದಿ," ಎಂದು ಅವ್ವ ದಿನವೂ ಅನ್ನುತ್ತಾಳೆ. ಮೊನ್ನೆ ಬಸ್ಸಿನಲ್ಲಿ ಬೀರಪ್ಪ ಪಕ್ಕದಲ್ಲೇ ಸಿಕ್ಕ. ಶೇಂಗಾ ಸುಲಿದು ಅರ್ಧ ನನ್ನ ಕೈಗೆ ಹಾಕಿ ಕಿಟಕಿಯತ್ತ ತಿರುಗಿ ಕೂತ. ತಡೆಯಲಾಗದೆ ಕೇಳಿಯೇಬಿಟ್ಟೆ: "ಬೀರ್ಯಾ, ಖರೆ ಹೇಳು. ಅವತ್ತು ಭಂಡಾರ ತಗದದ್ದು ನೀ ದೇವರನ್ನ ನಂಬಿ ಏನು, ನನ್ನ ಕುತ್ತಿಗಿ ನಂಬಿ?"